ಅದಿರಿನ ನೆತ್ತಿಯ ಮೇಲೆ ಮಾಪಕ ಇಳಿಯುವುದೇಕೆ?

(ಪರದೆಯ ಮೇಲೆ: ಅಂಗೈಯಲ್ಲಿ ಹಿಡಿದ ದಿಕ್ಸೂಚಿ. ಮುಳ್ಳು ನಿಲ್ಲದೆ ಅಲುಗುತ್ತಿದೆ.)

ನಮಸ್ಕಾರ. ವೀಕ್ಷಕರೊಬ್ಬರು ಕಳುಹಿಸಿದ ಪ್ರಶ್ನೆಯೊಂದು ಹಲವು ದಿನ ನನ್ನನ್ನು ಬಿಡದೆ ಕಾಡಿತು. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು ಆಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ ಎಂದಾದರೆ, ದಿಕ್ಸೂಚಿಯೊಂದನ್ನು ಹಿಡಿದು ಗುಡ್ಡ ಸುತ್ತಿ ಬಂದರೆ ಅದಿರಿನ ಜಾಗ ತಿಳಿಯಬೇಕಲ್ಲವೇ, ಹಾಗಿದ್ದೂ ಕೋಟಿಗಟ್ಟಲೆ ಹಣ ಸುರಿದು ನೂರಾರು ಮೀಟರ್ ಆಳ ಕೊರೆಯುವುದೇಕೆ ಎಂದು ಅವರು ಕೇಳಿದ್ದರು. ಉತ್ತರ ಹುಡುಕುತ್ತ ಹೋದಾಗ ನನಗೆ ಎದುರಾದ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ರಷ್ಯಾದ ಕುರ್ಸ್ಕ್ ಸೀಮೆಯಲ್ಲಿ ಮ್ಯಾಗ್ನೆಟೈಟ್ ಅದಿರಿನ ನೆತ್ತಿಯ ಮೇಲೆ ನಿಂತರೆ ಕಾಂತಮಾಪಕದ, ಅಂದರೆ ಕಾಂತಕ್ಷೇತ್ರದ ಬಲವನ್ನು ಅಳೆಯುವ ಉಪಕರಣದ, ಅಂಕಿ ಏರುತ್ತದೆ. ಅಂಥದೇ ಅದಿರು ಕರ್ನಾಟಕದ ನೆಲದಡಿಯಲ್ಲಿದ್ದರೆ, ಅದರ ನೆತ್ತಿಯ ಮೇಲೆ ಸಾಮಾನ್ಯವಾಗಿ ಅಂಕಿ ಇಳಿಯುತ್ತದೆ. ಅದಿರು ಬದಲಾಗಿಲ್ಲ, ಉಪಕರಣ ಬದಲಾಗಿಲ್ಲ, ಬದಲಾಗಿರುವುದು ಭೂಮಿಯ ಮೇಲೆ ನಾವು ನಿಂತಿರುವ ಜಾಗ ಮಾತ್ರ. ಇಂದಿನ ವಿಡಿಯೋದ ಹೆಚ್ಚಿನ ಸಮಯವನ್ನು ನಾನು ಈ ಒಂದು ಸಂಗತಿಗೇ ಕೊಡಲಿದ್ದೇನೆ.

ಮೂಲ ವಿಷಯಗಳನ್ನು ಬೇಗ ಮುಗಿಸೋಣ. ಮೂರು ಕಬ್ಬಿಣದ ಪರಮಾಣು, ನಾಲ್ಕು ಆಮ್ಲಜನಕದ ಪರಮಾಣು ಸೇರಿದ ಖನಿಜ ಮ್ಯಾಗ್ನೆಟೈಟ್. ಶುದ್ಧ ರೂಪದಲ್ಲಿ ಅದರ ತೂಕದ ಶೇ. 72.4ರಷ್ಟು ಕಬ್ಬಿಣವೇ. ಬಳ್ಳಾರಿ, ಹೊಸಪೇಟೆ, ಸಂಡೂರಿನ ಹೆಸರು ಕೇಳಿದೊಡನೆ ನೆನಪಾಗುವ ಕೆಂಪು ಅದಿರು ಹೆಮಟೈಟ್. ಅದು ಮುಳ್ಳನ್ನು ಎಳೆಯುವುದು ತೀರಾ ಕಡಿಮೆ. ಕುದುರೆಮುಖದಲ್ಲಿ ಇದ್ದದ್ದು ಮ್ಯಾಗ್ನೆಟೈಟ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಅವರು 1913ರಲ್ಲಿ ಅದನ್ನು ಗುರುತಿಸಿದರು. ದೇಶದ ಮ್ಯಾಗ್ನೆಟೈಟ್ ಸಂಪನ್ಮೂಲದ ಮೂರನೇ ಎರಡು ಪಾಲಿಗಿಂತ ಹೆಚ್ಚು ಕರ್ನಾಟಕದಲ್ಲೇ ಇದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಮುಂದೆ ಬರುವ ವಿಜ್ಞಾನ ನಮ್ಮ ಮನೆಯ ವಿಷಯವೇ ಎಂಬುದು ತಿಳಿಯುತ್ತದೆ.

(ಪರದೆಯ ಮೇಲೆ: ಕುರ್ಸ್ಕ್, ಬೆಲ್‌ಗೊರೊದ್ ನಗರಗಳನ್ನು ತೋರಿಸುವ ನಕ್ಷೆ.)

ಈಗ ಕುರ್ಸ್ಕ್‌ಗೆ ಹೋಗೋಣ. 1773ರಲ್ಲಿ ಖಗೋಳಜ್ಞ ಪ್ಯೋತ್ರ್ ಇನೊಖೋದ್‌ತ್ಸೆವ್ ಅಲ್ಲಿ ದಿಕ್ಸೂಚಿಯ ಮುಳ್ಳು ಉತ್ತರವನ್ನು ಬಿಟ್ಟು ಬೇರೆಡೆಗೆ ತಿರುಗುವುದನ್ನು ಗಮನಿಸಿದರು. ಸುತ್ತಲೂ ಬೆಟ್ಟವಿಲ್ಲ, ಕಪ್ಪು ಬಂಡೆಯಿಲ್ಲ, ಕಣ್ಣಿಗೆ ಕಾಣುವುದೆಲ್ಲ ಕಪ್ಪು ಮಣ್ಣಿನ ಹೊಲಗಳು. ನೂರು ವರ್ಷ ಯಾರೂ ಇದನ್ನು ಬೆನ್ನಟ್ಟಲಿಲ್ಲ. 1883ರಲ್ಲಿ ಖಾರ್ಕಿವ್‌ನ ಭೌತವಿಜ್ಞಾನಿ ನಿಕೊಲಾಯ್ ಪಿಲ್ಚಿಕೊವ್ ಹತ್ತಾರು ಜಾಗಗಳಲ್ಲಿ ಅಳತೆ ಮಾಡಿ, ನೆಲದಡಿಯ ಕಬ್ಬಿಣದ ಅದಿರೇ ಇದಕ್ಕೆ ಕಾರಣವಿರಬೇಕೆಂದು ಸೂಚಿಸಿದರು. 1896ರಲ್ಲಿ ಫ್ರಾನ್ಸಿನಿಂದ ಬಂದ ಮೂರೊ ಅವರ ಅಳತೆಗಳೂ ಈ ಅಸಹಜತೆಯನ್ನು ದೃಢಪಡಿಸಿದವು. ಅವರ ಜೊತೆಗಿದ್ದ ಮಾಸ್ಕೋದ ಪ್ರಾಧ್ಯಾಪಕ ಅರ್ನ್‌ಸ್ಟ್ ಲೇಸ್ಟ್ ಅದಿರಿನ ಆಳವನ್ನು ಲೆಕ್ಕ ಹಾಕಿದರು. ಸ್ಥಳೀಯ ಆಡಳಿತ ಹಣ ಕೊಟ್ಟಿತು, ಕೊರೆಯುವ ಕೆಲಸ ನಡೆಯಿತು, ಆದರೆ ನಿರೀಕ್ಷಿಸಿದ ಆಳದಲ್ಲಿ ಅದಿರು ಸಿಗಲಿಲ್ಲ. ಹಣ ನಿಂತಿತು, ನಂಬಿಕೆಯೂ ಹೋಯಿತು. ಆದರೂ ಲೇಸ್ಟ್ ತಮ್ಮ ಬೇಸಿಗೆ ರಜೆಗಳನ್ನೆಲ್ಲ ಅಲ್ಲೇ ಕಳೆದು, ಸ್ವಂತ ಖರ್ಚಿನಲ್ಲಿ ಸುಮಾರು 4,500 ಜಾಗಗಳಲ್ಲಿ ಅಳತೆ ಮಾಡಿದರು. 1918ರಲ್ಲಿ ಅವರು ಜರ್ಮನಿಯಲ್ಲಿ ತೀರಿಕೊಂಡಾಗ ಆ ಅಳತೆಗಳೂ ಅಲ್ಲೇ ಉಳಿದವು.

ಲೇಸ್ಟ್ ಅವರ ಶ್ರಮ ಸೋಲಲು ಅವರ ಅಸಡ್ಡೆ ಕಾರಣವಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ. ಮುಳ್ಳಿಗೆ ಹೇಳಲು ಬಾರದ ಉತ್ತರವನ್ನು ಅದರಿಂದ ಹೊರಡಿಸಲು ಅವರು ಯತ್ನಿಸಿದ್ದರು. ಆಳದಲ್ಲಿರುವ ದೊಡ್ಡ ಅದಿರಿನ ರಾಶಿ, ಮೇಲ್ಮೈಗೆ ಹತ್ತಿರವಿದ್ದು ಅಗಲಕ್ಕೆ ಹರಡಿರುವ ಬಡ ಅದಿರು, ಇವೆರಡೂ ನೆಲದ ಮೇಲೆ ಒಂದೇ ಬಗೆಯ ಅಂಕಿಗಳನ್ನು ಕೊಡಬಲ್ಲವು. ಇಂದಿನ ಕಂಪ್ಯೂಟರುಗಳೂ ಈ ಗಣಿತದ ಮಿತಿಯನ್ನು ದಾಟಿಲ್ಲ.

1919ರಿಂದ ಭೌತವಿಜ್ಞಾನಿ ಪ್ಯೋತ್ರ್ ಲಾಜರೆವ್ ಅವರ ತಂಡ ಎಲ್ಲವನ್ನೂ ಹೊಸದಾಗಿ ಅಳೆಯಿತು. ಹಡಗಿನ ದಿಕ್ಸೂಚಿಯ ದೋಷ ಸರಿಪಡಿಸಲು ನೌಕಾಪಡೆ ಬಳಸುತ್ತಿದ್ದ ಉಪಕರಣವನ್ನೇ ಅವರು ಹೊಲಗಳಿಗೆ ತಂದರು. 1921ರಲ್ಲಿ ಶ್ಚಿಗ್ರಿ ಪಟ್ಟಣದ ಬಳಿ ಕೊರೆಯಲು ಆರಂಭಿಸಿ, 1923ರ ಏಪ್ರಿಲ್ 7ರಂದು ಸುಮಾರು 167 ಮೀಟರ್ ಆಳದಿಂದ ಮ್ಯಾಗ್ನೆಟೈಟ್ ಪಟ್ಟೆಗಳಿದ್ದ ಕಲ್ಲಿನ ತುಂಡನ್ನು ಮೇಲೆತ್ತಿದರು. ಇನೊಖೋದ್‌ತ್ಸೆವ್ ಅವರ ಮುಳ್ಳು ತಿರುಗಿ ಅಂದಿಗೆ 150 ವರ್ಷವಾಗಿತ್ತು. ಆ ಅಸಹಜತೆ ಸುಮಾರು 1,60,000 ಚದರ ಕಿಲೋಮೀಟರಿಗೆ ಹರಡಿದೆ. ನಮ್ಮ ಇಡೀ ರಾಜ್ಯದ ವಿಸ್ತೀರ್ಣದ ಆರರಲ್ಲಿ ಐದು ಪಾಲಿನಷ್ಟು.

(ಪರದೆಯ ಮೇಲೆ: ಕಾಗದದಡಿ ಪಟ್ಟಿ ಆಯಸ್ಕಾಂತ, ಮೇಲೆ ಕಬ್ಬಿಣದ ಪುಡಿ.)

ಈಗ ನನ್ನ ಮೆಚ್ಚಿನ ಭಾಗ. ದಯವಿಟ್ಟು ಇದನ್ನು ನಿಧಾನವಾಗಿ ಕೇಳಿ.

ನೆಲದಡಿಯ ಮ್ಯಾಗ್ನೆಟೈಟ್ ಬಹುಮಟ್ಟಿಗೆ ತಾನಾಗಿಯೇ ಆಯಸ್ಕಾಂತವಾಗಿರುವುದಿಲ್ಲ. ಭೂಮಿಯ ಕಾಂತಕ್ಷೇತ್ರ ಅದರ ಮೂಲಕ ಹಾಯುವಾಗ ಆ ಕ್ಷೇತ್ರದ ದಿಕ್ಕಿನಲ್ಲೇ ಅದು ಆಯಸ್ಕಾಂತವಾಗುತ್ತದೆ. ಆದ್ದರಿಂದ ಭೂಮಿಯ ಕ್ಷೇತ್ರ ಆ ಊರಿನಲ್ಲಿ ಯಾವ ಕೋನದಲ್ಲಿದೆ ಎಂಬುದೇ ಮೊದಲ ಪ್ರಶ್ನೆ. ಕುರ್ಸ್ಕ್‌ನಲ್ಲಿ ಅದು ಕಡಿದಾಗಿ ಕೆಳಮುಖವಾಗಿ ನೆಲದೊಳಗೆ ಇಳಿಯುತ್ತದೆ. ಹಾಗಾಗಿ ಅಲ್ಲಿನ ಅದಿರನ್ನು ನೆಟ್ಟಗೆ ನಿಲ್ಲಿಸಿದ ಪಟ್ಟಿ ಆಯಸ್ಕಾಂತದಂತೆ ಭಾವಿಸಬಹುದು. ಅದರ ಮೇಲ್ತುದಿಯ ಧ್ರುವ ಸುತ್ತಲಿನ ಕಾಂತರೇಖೆಗಳನ್ನು ತನ್ನೊಳಗೆ, ಅಂದರೆ ಕೆಳಕ್ಕೆ, ಸೆಳೆದುಕೊಳ್ಳುತ್ತದೆ. ಭೂಮಿಯ ಕ್ಷೇತ್ರವೂ ಕೆಳಕ್ಕೇ ಇಳಿಯುತ್ತಿರುವುದರಿಂದ ಎರಡೂ ಕೂಡಿ ಅಂಕಿ ಏರುತ್ತದೆ. ಕುರ್ಸ್ಕ್‌ನ ಕೆಲವು ಜಾಗಗಳಲ್ಲಿ ಅದು ಸಹಜ ಮಟ್ಟದ ಎರಡು ಪಟ್ಟನ್ನೂ ದಾಟುತ್ತದೆ.

ಕಾಂತೀಯ ಸಮಭಾಜಕ ರೇಖೆ ತಮಿಳುನಾಡಿನ ತಿರುನೆಲ್ವೇಲಿಯ ಹತ್ತಿರ ಹಾದುಹೋಗುತ್ತದೆ. ಅಲ್ಲಿ ಭೂಮಿಯ ಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿ ದಕ್ಷಿಣದಿಂದ ಉತ್ತರಕ್ಕೆ ಮಲಗಿದಂತೆ ಸಾಗುತ್ತದೆ. ಬೆಂಗಳೂರಿನಲ್ಲಿಯೂ ಅದರ ಓರೆ 15 ಡಿಗ್ರಿಗಿಂತ ಕಡಿಮೆ. ಆದ್ದರಿಂದ ನಮ್ಮ ಅದಿರು, ಉತ್ತರಕ್ಕೆ ತಲೆಯಿಟ್ಟು ಮಲಗಿದ ಆಯಸ್ಕಾಂತ. ಶಾಲೆಯಲ್ಲಿ ಪಟ್ಟಿ ಆಯಸ್ಕಾಂತದ ಮೇಲೆ ಕಾಗದ ಹರಡಿ ಕಬ್ಬಿಣದ ಪುಡಿ ಉದುರಿಸಿದ್ದು ನಿಮಗೆ ನೆನಪಿರಬಹುದು. ರೇಖೆಗಳು ಆಯಸ್ಕಾಂತದ ಉತ್ತರ ತುದಿಯಿಂದ ಹೊರಟು, ಅದರ ಬೆನ್ನ ಮೇಲೆ ಕಮಾನಿನಂತೆ ಬಾಗಿ, ದಕ್ಷಿಣ ತುದಿಗೆ ಮರಳುತ್ತವೆ. ಅಂದರೆ ಅದಿರಿನ ನೆತ್ತಿಯ ಮೇಲೆ ಅದರ ಸ್ವಂತ ಕ್ಷೇತ್ರ ದಕ್ಷಿಣಕ್ಕೆ ಹರಿಯುತ್ತದೆ, ಭೂಮಿಯ ಕ್ಷೇತ್ರ ಉತ್ತರಕ್ಕೆ ಹರಿಯುತ್ತದೆ. ಒಂದನ್ನೊಂದು ಕಳೆದಾಗ ಮಾಪಕದ ಅಂಕಿ ತಗ್ಗುತ್ತದೆ. ಏರಿಕೆ ಕಾಣುವುದು ಉತ್ತರ, ದಕ್ಷಿಣದ ಅಂಚುಗಳಾಚೆ. ನಕ್ಷೆಯಲ್ಲಿ ಅಂಕಿ ಎತ್ತರವಿರುವಲ್ಲಿ ಕೊರೆಯುವುದೇ ಸರಿ ಎಂದು ಹೊರಟವರು ಇಲ್ಲಿ ಅದಿರಿನ ಪಕ್ಕದ ಬರಿಗಲ್ಲನ್ನು ಕೊರೆಯುತ್ತಾರೆ.

ಇದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿದೆ. ಕರ್ನಾಟಕದಲ್ಲಿ ಕಬ್ಬಿಣದ ಪಟ್ಟೆಗಳನ್ನು ಹೊತ್ತ, ಶಿಸ್ಟ್ ಎಂಬ ಪದರುಗಲ್ಲಿನ ವಲಯಗಳು ಬಹುತೇಕ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಚಾಚಿಕೊಂಡಿವೆ. ಉದ್ದನೆಯ ಪಟ್ಟೆ ತನ್ನ ಉದ್ದಕ್ಕೇ ಕಾಂತೀಯವಾದರೆ ಅದರ ಧ್ರುವಗಳು ಎರಡು ತುದಿಗಳಲ್ಲಿ ಕೂರುತ್ತವೆ, ನಡುಭಾಗ ಹೊರಗೆ ಹೆಚ್ಚೇನನ್ನೂ ತೋರಿಸುವುದಿಲ್ಲ. ಕಾಂತೀಯ ಸಮಭಾಜಕದ ಮೇಲೆ ನೇರ ಉತ್ತರ-ದಕ್ಷಿಣಕ್ಕೆ ಮಲಗಿದ, ಎಲ್ಲೆಡೆ ಒಂದೇ ಸಮನಾದ ಪಟ್ಟೆಯ ಮಧ್ಯದಲ್ಲಿ ನಿಂತವರ ಮಾಪಕ, ಕೆಳಗೆ ಕೋಟ್ಯಂತರ ಟನ್ ಅದಿರಿದ್ದರೂ ಬಹುತೇಕ ಮೌನವಾಗಿರಬಹುದು. ನಿಸರ್ಗದಲ್ಲಿ ಪಟ್ಟೆಗಳು ಮಡಿಚಿಕೊಂಡು, ತುಂಡಾಗಿ, ಓರೆಯಾಗಿ ಇರುವುದರಿಂದಲೇ ಸುಳಿವು ಸಿಗುತ್ತದೆ. ಅಸಹಜತೆಯನ್ನು ಭೂಮಿಯ ಕಾಂತಧ್ರುವದಲ್ಲಿ ಅಳೆದಂತೆ ಗಣಿತದಿಂದ ಬದಲಿಸುವ ವಿಧಾನವೊಂದಿದೆ, ಆದರೆ ನಮ್ಮ ಅಕ್ಷಾಂಶದಲ್ಲಿ ಅದು ಅಳತೆಯ ಸಣ್ಣ ದೋಷಗಳನ್ನೂ ಉತ್ತರ-ದಕ್ಷಿಣದ ಗೆರೆಗಳಾಗಿ ಹಿಗ್ಗಿಸಿಬಿಡುತ್ತದೆ. ಶೀತ ದೇಶಗಳಲ್ಲಿ ಹುಟ್ಟಿದ ಪಾಠವನ್ನು ಹಾಗೆಯೇ ಇಲ್ಲಿಗೆ ತಂದು ಒಪ್ಪಿಸುವುದು ಸಲ್ಲದು, ನಮ್ಮ ವಿದ್ಯಾರ್ಥಿಗಳಿಗೆ ಈ ಪಾಠವನ್ನು ನಮ್ಮ ನೆಲದಿಂದಲೇ ಆರಂಭಿಸಿ ಕಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

(ಪರದೆಯ ಮೇಲೆ: ಬೆನ್ನಿಗೆ ಉಪಕರಣ ಕಟ್ಟಿಕೊಂಡು ಗುಡ್ಡದಲ್ಲಿ ನಡೆಯುವ ವ್ಯಕ್ತಿ.)

ಅಳತೆಯ ಕೆಲಸ ನೋಡಲು ಸಾದಾ. ಪಟ್ಟೆಗೆ ಅಡ್ಡವಾಗಿ ಸಾಲುಗಳನ್ನು ಗುರುತಿಸಿಕೊಂಡು, ಕೆಲವೇ ಮೀಟರಿಗೊಮ್ಮೆ ನಿಂತು ಅಂಕಿ ಬರೆದುಕೊಳ್ಳಬೇಕು. ಬೆಲ್ಟಿನ ಬಕಲ್, ಬೀಗದ ಕೈ, ಮೊಬೈಲ್ ಯಾವುದೂ ಮೈಮೇಲೆ ಇರಬಾರದು. ಮುಳ್ಳುತಂತಿ ಬೇಲಿಯಿಂದಲೂ ವಿದ್ಯುತ್ ಕಂಬದಿಂದಲೂ ದೂರವಿರಬೇಕು. ಪ್ರೋಟಾನ್ ಮಾಪಕ ಎಂಬ ಉಪಕರಣದಲ್ಲಿ ಸೀಮೆಎಣ್ಣೆಯಂಥ ದ್ರವ ತುಂಬಿದ ಡಬ್ಬಿಯಿರುತ್ತದೆ. ಅದರಲ್ಲಿರುವ ಜಲಜನಕದ ಪ್ರೋಟಾನುಗಳು ಬುಗುರಿ ತಲೆದೂಗಿದಂತೆ ಭೂಮಿಯ ಕ್ಷೇತ್ರದ ಸುತ್ತ ತಿರುಗುತ್ತವೆ. ದಕ್ಷಿಣ ಕರ್ನಾಟಕದ ಸುಮಾರು 41,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲದ ಮಾನ) ಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು 1,750 ಸುತ್ತು. ಆ ಸಂಕೇತವನ್ನು ಸ್ಪೀಕರಿಗೆ ಕೊಟ್ಟರೆ ಮನುಷ್ಯನ ಕಿವಿಗೆ ಕೇಳುವ ಶ್ರುತಿಯೊಂದು ಹೊರಡುತ್ತದೆ, ಮತ್ತು ಕ್ಷೇತ್ರ ಏರಿಳಿದಂತೆ ಶ್ರುತಿಯೂ ಏರಿಳಿಯುತ್ತದೆ. ಸೂರ್ಯನ ಪ್ರಭಾವದಿಂದ ಮೇಲಣ ವಾಯುಮಂಡಲದಲ್ಲಿ ಹರಿಯುವ ವಿದ್ಯುತ್ತು ಹಗಲಿನಲ್ಲಿ ಈ ಅಂಕಿಯನ್ನು ಹತ್ತಾರು ನ್ಯಾನೊಟೆಸ್ಲಾದಷ್ಟು ಅಲುಗಿಸುವುದರಿಂದ, ಒಂದೇ ಜಾಗದಲ್ಲಿ ಕದಲದೆ ಅಳೆಯುವ ಇನ್ನೊಂದು ಮಾಪಕವನ್ನಿಟ್ಟು ಆ ವ್ಯತ್ಯಾಸವನ್ನು ಕಳೆಯಬೇಕು. ವಿಮಾನದಿಂದಲೂ ಡ್ರೋನಿನಿಂದಲೂ ಇದೇ ಅಳತೆ ಸಾಧ್ಯ. ಒಂದು ಮರವನ್ನೂ ಕಡಿಯದೆ ಕಾಡಿನಡಿಯ ಕಲ್ಲನ್ನು ತಿಳಿಯುವ ದಾರಿಯಿದು.

ಕಾಂತತ್ವ ಹೇಳದ್ದನ್ನು ಗುರುತ್ವ ಸ್ವಲ್ಪ ಹೇಳುತ್ತದೆ. ಸ್ಫಟಿಕಶಿಲೆಯ ಸಾಂದ್ರತೆ ನೀರಿನ 2.65 ಪಟ್ಟು, ಮ್ಯಾಗ್ನೆಟೈಟಿನದು 5.2 ಪಟ್ಟು. ಕುರ್ಸ್ಕ್‌ನಲ್ಲಿ 1921ರಲ್ಲೇ ಗುರುತ್ವದ ಸೂಕ್ಷ್ಮ ಬದಲಾವಣೆಯನ್ನು ತಿರುಚು ತಕ್ಕಡಿಯಿಂದ ಅಳೆದಿದ್ದರು. ಶಿಲೆಯ ಮೇಲ್ಭಾಗ ಸವೆದು ಮ್ಯಾಗ್ನೆಟೈಟ್ ಹೆಮಟೈಟ್ ಆಗಿ ಬದಲಾದ ಕಡೆ ಮುಳ್ಳು ಮಂಕಾಗುತ್ತದೆ, ಭಾರ ಮಾತ್ರ ಉಳಿದಿರುತ್ತದೆ. ಕುದುರೆಮುಖದಲ್ಲೂ ಮೇಲಿನ ಸವೆದ ಪದರದಲ್ಲಿ ಇಂಥ ಬದಲಾವಣೆ ಆಗಿತ್ತು.

(ಪರದೆಯ ಮೇಲೆ: ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದ ಕಲ್ಲಿನ ಕೋರ್.)

ಸಮಯ ಮುಗಿಯುತ್ತ ಬಂದಿರುವುದರಿಂದ ಕೊರೆಯುವಿಕೆಯ ಸಂಗತಿಗಳನ್ನು ಒಟ್ಟಿಗೆ ಹೇಳುತ್ತೇನೆ. ನಮ್ಮೂರಿಗೆ ಬರುವ ಬೋರ್‌ವೆಲ್ ಲಾರಿ ಕಲ್ಲನ್ನು ಪುಡಿ ಮಾಡಿ ಗಾಳಿಯಲ್ಲಿ ಊದಿಬಿಡುತ್ತದೆ. ಅದಿರಿನ ಶೋಧನೆಗೆ ಬಳಸುವ ಕೋರ್ ಡ್ರಿಲ್ಲಿನ ವಜ್ರದ ಹಲ್ಲುಗಳುಳ್ಳ ಬಳೆಯಾಕಾರದ ಬಿಟ್, ಸುತ್ತಲಿನ ಕಲ್ಲನ್ನು ಮಾತ್ರ ಸವೆಸಿ, ನಡುವಿನ ಕಲ್ಲನ್ನು ಕಬ್ಬಿನ ಜಲ್ಲೆಯಂತೆ ಇಡಿಯಾಗಿ ಉಳಿಸುತ್ತದೆ. ಪಟ್ಟೆ 60 ಡಿಗ್ರಿ ಓರೆಯಾಗಿದ್ದರೆ ನೇರ ಕೆಳಕ್ಕೆ ಕೊರೆದ ರಂಧ್ರದಲ್ಲಿ ಸಿಗುವ 100 ಮೀಟರ್ ಅದಿರಿನ ನಿಜವಾದ ದಪ್ಪ 50 ಮೀಟರ್ ಮಾತ್ರ, ಆದ್ದರಿಂದ ಪಟ್ಟೆಗೆ ಲಂಬವಾಗುವಂತೆ ರಂಧ್ರವನ್ನೇ ಓರೆಯಾಗಿ ಕೊರೆಯುತ್ತಾರೆ. ಕೋರನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಪರೀಕ್ಷೆಗೆ ಕಳುಹಿಸಿ, ಉಳಿದರ್ಧವನ್ನು ಕಾಯ್ದಿಡುತ್ತಾರೆ. ಒಟ್ಟು ಕಬ್ಬಿಣ ಶೇ. 35 ಎಂದು ವರದಿ ಬಂದರೆ ಸಾಲದು. ಅದರಲ್ಲಿ ಆಯಸ್ಕಾಂತಕ್ಕೆ ಅಂಟದ ಸಿಲಿಕೇಟ್ ಖನಿಜಗಳಲ್ಲಿ ಸಿಕ್ಕಿಕೊಂಡ ಕಬ್ಬಿಣವೂ ಸೇರಿರುತ್ತದೆ. ಪುಡಿ ಮಾಡಿದ ಕಲ್ಲನ್ನು ಆಯಸ್ಕಾಂತದ ಧ್ರುವಗಳ ನಡುವಿನ ಗಾಜಿನ ನಳಿಕೆಯಲ್ಲಿ ನೀರಿನೊಡನೆ ಅಲುಗಿಸುವ ಡೇವಿಸ್ ಟ್ಯೂಬ್ ಪರೀಕ್ಷೆ, ನಿಜವಾಗಿ ಎಷ್ಟು ಮ್ಯಾಗ್ನೆಟೈಟ್ ಕೈಗೆ ಬರುತ್ತದೆ, ಅದಕ್ಕೆ ಕಲ್ಲನ್ನು ಎಷ್ಟು ನುಣ್ಣಗೆ ಅರೆಯಬೇಕು ಎಂಬುದನ್ನು ಹೇಳುತ್ತದೆ.

ಕುದುರೆಮುಖದ ಗಣಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ನೆಲದಡಿ ಏನಿದೆ ಎಂದು ತಿಳಿಯುವುದಕ್ಕೂ ಅದನ್ನು ಅಗೆಯುವುದಕ್ಕೂ ನಡುವೆ ಕಾಡು, ಭದ್ರಾ ನದಿ ಮತ್ತು ಜನರ ಒಪ್ಪಿಗೆ ಇವೆ. ಆ ವಿಷಯಕ್ಕೆ ಬೇರೆಯೇ ವಿಡಿಯೋ ಬೇಕು, ಖಂಡಿತ ಮಾಡುತ್ತೇನೆ.

ಪ್ರಶ್ನೆ ಕೇಳಿದ ವೀಕ್ಷಕರಿಗೆ ಕೊನೆಯದಾಗಿ ಒಂದು ವಿವರ. ಕೊರೆಯುವ ರಾಡುಗಳು ಆಳಕ್ಕೆ ಹೋದಂತೆ ದಾರಿ ತಪ್ಪಿ ಬಾಗುತ್ತವೆ, ಹಾಗಾಗಿ ರಂಧ್ರ ಯಾವ ದಿಕ್ಕಿಗೆ ತಿರುಗಿದೆ ಎಂದು ಆಗಾಗ ನೋಡಬೇಕು. ಬೇರೆ ಖನಿಜಗಳ ಶೋಧನೆಯಲ್ಲಿ ಇದಕ್ಕೆ ದಿಕ್ಸೂಚಿಯುಳ್ಳ ಉಪಕರಣವನ್ನು ಒಳಗೆ ಇಳಿಸುವುದುಂಟು. ಮ್ಯಾಗ್ನೆಟೈಟಿನ ರಂಧ್ರದಲ್ಲಿ ಅದು ಇನೊಖೋದ್‌ತ್ಸೆವ್ ಅವರ ಮುಳ್ಳಿನಂತೆಯೇ ಅದಿರಿನ ಕಡೆಗೆ ತಿರುಗಿಬಿಡುತ್ತದೆ. ಆದ್ದರಿಂದ ಅಲ್ಲಿ ದಿಕ್ಸೂಚಿಯನ್ನು ಮೇಲೆಯೇ ಬಿಟ್ಟು, ಕಾಂತತ್ವದ ಹಂಗಿಲ್ಲದೆ ದಿಕ್ಕು ಹೇಳುವ ಗೈರೊಸ್ಕೋಪನ್ನು ಒಳಗೆ ಇಳಿಸುತ್ತಾರೆ.