ಡೆಂಗಿ ವೈರಸ್ಸಿನ ಕತ್ತರಿ

ಕೇಳುಗರಿಗೆಲ್ಲ ನಮಸ್ಕಾರ.

ಕಳೆದ ಮಳೆಗಾಲ ನನ್ನ ಅಕ್ಕನ ಮಗಳಿಗೆ ಡೆಂಗಿ ಆಯಿತು. ಬೆಳಿಗ್ಗೆ ಎದ್ದರೆ ಮನೆಯಲ್ಲಿ ಒಂದೇ ಮಾತು: ಪ್ಲೇಟ್‌ಲೆಟ್ ಎಷ್ಟಿದೆ? ಕೊಟ್ಟದ್ದು ಪ್ಯಾರಾಸಿಟಮಾಲ್, ಡ್ರಿಪ್, ಕುಡಿಯಲು ಜಾಸ್ತಿ ನೀರು. ಹುಡುಗಿ ಉಳಿದಳು. ಆದರೆ ವೈರಸ್ಸನ್ನೇ ತಡೆಯುವ ಮಾತ್ರೆ ಯಾಕಿಲ್ಲ ಎಂದು ಅಕ್ಕ ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಡೆಂಗಿ ವೈರಸ್ ನಮ್ಮ ಜೀವಕೋಶಕ್ಕೆ ನುಗ್ಗಿ ತನ್ನ ಪ್ರೋಟೀನುಗಳನ್ನು ಒಂದೊಂದಾಗಿ ಮಾಡಿಸುವುದಿಲ್ಲ. ಎಲ್ಲವೂ ಒಟ್ಟಿಗೇ, ಮಗ್ಗದಿಂದ ಇಳಿದ ಬಟ್ಟೆಯ ತಾನಿನ ಹಾಗೆ ಹೊರಬರುತ್ತವೆ. ಸುಮಾರು 3,400 ಅಮೈನೋ ಆಮ್ಲಗಳ ತಾನು. ಅದನ್ನು ಕತ್ತರಿಸಿ 10 ತುಂಡು ಮಾಡಿದರೆ ಮಾತ್ರ ಹೊಸ ವೈರಸ್ ಹುಟ್ಟುತ್ತದೆ. ಕೆಲವು ಕಡೆ ನಮ್ಮ ಕೋಶದ ಕತ್ತರಿಯೇ ಅದಕ್ಕೆ ಒದಗುತ್ತದೆ. ಉಳಿದ ಕಡೆ ವೈರಸ್ ತನ್ನದೇ ಕತ್ತರಿ ಆಡಿಸುತ್ತದೆ. ಅದೇ ಎನ್‌ಎಸ್3 ಪ್ರೋಟಿಯೇಸ್ ಎಂಬ ಕಿಣ್ವ.

ಆ ಕತ್ತರಿಯ ಬಾಯಿಗೆ ಏನಾದರೂ ಸಿಕ್ಕಿಸಿದರೆ ಆಯಿತು, ಅಲ್ವಾ? ಎಚ್‌ಐವಿಯಲ್ಲಿ ಈ ಉಪಾಯ ಫಲಿಸಿತು. 1995ರಲ್ಲಿ ಅದರ ಕತ್ತರಿಯನ್ನು ತಡೆಯುವ ಸಾಕ್ವಿನಾವಿರ್ ಎಂಬ ಔಷಧ ಬಂತು. ಡೆಂಗಿಯ ದಾಯಾದಿಯಾದ ಹೆಪಟೈಟಿಸ್ ಸಿ ವೈರಸ್ಸಿಗೂ 2011ರಲ್ಲಿ ಇಂಥ ಮಾತ್ರೆಗಳು ಸಿಕ್ಕವು.

ಡೆಂಗಿಯ ಕತ್ತರಿ ಮಾತ್ರ ಬಗ್ಗುತ್ತಿಲ್ಲ. ಔಷಧ ಕೂರಬೇಕಾದ ಗುಂಡಿ ಆಳವಿಲ್ಲ, ಊಟದ ತಟ್ಟೆಯ ಹಾಗಿದೆ. ಏನಿಟ್ಟರೂ ಜಾರುತ್ತದೆ. ಧನ ವಿದ್ಯುದಂಶ ಇರುವ ಕಣಗಳು ಅಲ್ಲಿ ಚೆನ್ನಾಗಿ ಅಂಟುತ್ತವೆ, ನಿಜ. ಆದರೆ ಅಂಥವಕ್ಕೆ ಕೋಶದ ಪೊರೆ ದಾಟುವುದೇ ಕಷ್ಟ. ಗಾಜಿನ ನಳಿಕೆಯಲ್ಲಿ ಗೆದ್ದದ್ದು ಕೋಶದೊಳಗೆ ಸೋಲುತ್ತದೆ. ಎಷ್ಟೋ ಜನರ ವರ್ಷಗಟ್ಟಲೆ ದುಡಿಮೆ ಇಲ್ಲೇ ನಿಂತುಹೋಗಿದೆ. ನೆನೆದರೆ ಸಂಕಟವಾಗುತ್ತದೆ.

ವೈರಸ್ಸಿನ ನಕಲು ತೆಗೆಯುವ ಎನ್‌ಎಸ್5 ಕಿಣ್ವವನ್ನು ತಡೆಯಲೂ ನೋಡಿದರು. ಬಾಲಾಪಿರಾವಿರ್ ಎಂಬ ಔಷಧವನ್ನು ವಿಯೆಟ್ನಾಮಿನ ರೋಗಿಗಳಿಗೆ ಕೊಟ್ಟರು. ಜ್ವರವೂ ಇಳಿಯಲಿಲ್ಲ, ವೈರಸ್ಸೂ ಕಡಿಮೆಯಾಗಲಿಲ್ಲ. ಆ ಫಲಿತಾಂಶ 2013ರಲ್ಲಿ ಪ್ರಕಟವಾಯಿತು.

ಸಮಯದ ತೊಡಕೂ ಇದೆ. ಮೈ ಬಿಸಿಯಾಗುವ ಹೊತ್ತಿಗೇ ರಕ್ತದಲ್ಲಿ ವೈರಸ್ ತುಂಬಿರುತ್ತದೆ, ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಅಪಾಯ ಬರುವುದು ಜ್ವರ ಬಿಡುವ ಹೊತ್ತಿಗೆ. ಹಾಗಾಗಿ ಮಾತ್ರೆ ಬಂದರೂ ಮೊದಲ ಒಂದೆರಡು ದಿನಗಳಲ್ಲೇ ಕೊಡಬೇಕಾಗುತ್ತದೆ. ಅಷ್ಟು ಬೇಗ ರೋಗವನ್ನು ಪತ್ತೆಹಚ್ಚುವುದು ಎನ್‌ಎಸ್1 ಪರೀಕ್ಷೆ. ಲ್ಯಾಬಿನ ಚೀಟಿಯಲ್ಲಿ ಕಾಣುವ ಆ ಎನ್‌ಎಸ್1, ನಾನು ಹೇಳಿದ 10 ತುಂಡುಗಳಲ್ಲೇ ಒಂದು.

ಈಗ ಕೆಲವರು ಕತ್ತರಿಯ ಬಾಯಿ ಬಿಟ್ಟು ಹಿಡಿಯತ್ತ ತಿರುಗಿದ್ದಾರೆ. ಎನ್‌ಎಸ್2ಬಿ ಎಂಬ ಪುಟ್ಟ ಪ್ರೋಟೀನು ಬಂದು ತಬ್ಬಿಕೊಂಡರೆ ಮಾತ್ರ ಈ ಕತ್ತರಿ ಆಡುತ್ತದೆ. ಆ ತಬ್ಬುಗೆ ಬಿಗಿಯಾಗದಂತೆ ತಡೆಯುವ ಕಣಕ್ಕಾಗಿ ಹುಡುಕುತ್ತಿದ್ದಾರೆ.