ಕಂಬದ ಮೇಲೆ ಕಾದಾಡಿದ ನೆರಳು

ಎಲ್ಲರಿಗೂ ನಮಸ್ಕಾರ. ಸ್ವಾಶ್‌ಬಕ್ಲರ್ ಎಂದು ಕರೆಸಿಕೊಂಡ ಹಳೆಯ ಹಾಲಿವುಡ್ಡಿನ ಕತ್ತಿವರಸೆ ಚಿತ್ರಗಳೆಂದರೆ ನನಗೆ ಪ್ರಾಣ. ಅವುಗಳ ಮೇಲೆ ನನಗೊಂದು ತಕರಾರೂ ಇದೆ. ಎರಡನ್ನೂ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರದ ಕೊನೆಯ ಕಾಳಗ ನೆನಪಿಸಿಕೊಳ್ಳಿ. ಕೋಟೆಯೊಳಗೆ ನಾಯಕ ಎರೋಲ್ ಫ್ಲಿನ್ ಮತ್ತು ಖಳ ಬೇಸಿಲ್ ರಾಥ್‌ಬೋನ್ ಎದುರುಬದುರಾಗಿದ್ದಾರೆ. ಹೋರಾಡುತ್ತಾ ಹೋರಾಡುತ್ತಾ ಇಬ್ಬರೂ ನಮ್ಮ ಕಣ್ಣಿಂದ ಮರೆಯಾಗುತ್ತಾರೆ. ದಪ್ಪನೆಯ ಕಂಬದ ಮೇಲೆ ಅವರ ದೈತ್ಯ ನೆರಳುಗಳಷ್ಟೇ ಕಾದಾಡುತ್ತಿರುತ್ತವೆ. ಯಾವ ನೆರಳು ಯಾರದು ಎಂದು ಹುಡುಕುತ್ತಾ ನಾವು ಉಸಿರು ಬಿಗಿಹಿಡಿದು ಕೂರುತ್ತೇವೆ. ಕತ್ತಿವರಸೆಯಲ್ಲಿ ನಿಜಕ್ಕೂ ಪಳಗಿದ ಕೈ ರಾಥ್‌ಬೋನ್‌ದು. ಖಳನಾದ ತಪ್ಪಿಗೆ ಸೋಲಬೇಕಾಯಿತು, ಪಾಪ! ವರಸೆಗಳನ್ನು ಹೇಳಿಕೊಟ್ಟ ಗುರು ಬೆಲ್ಜಿಯಂನ ಫ್ರೆಡ್ ಕೇವೆನ್ಸ್. ಪಂದ್ಯದಲ್ಲಿ ಕೈಚಲನೆ ಚಿಕ್ಕದಾಗಿದ್ದಷ್ಟೂ ಲಾಭ. ತೆರೆಯ ಮೇಲೆ ಅದು ದೊಡ್ಡದಾಗಿ ಬೀಸಬೇಕು, ಆದರೆ ವರಸೆ ತಪ್ಪಬಾರದು. ದೇಹದ ಈ ಶಿಸ್ತೇ ಆ ಚಿತ್ರಗಳ ಜೀವಾಳ.

ಅದರ ಸಂಗೀತಕ್ಕೂ ಒಂದು ಕಥೆಯಿದೆ. ವಿಯೆನ್ನಾದಲ್ಲಿ ಹೆಸರು ಮಾಡಿದ್ದ ಯಹೂದಿ ಸಂಗೀತಗಾರ ಕೋರ್ನ್‌ಗೋಲ್ಡ್ ಈ ಚಿತ್ರಕ್ಕೆಂದೇ 1938ರ ಆರಂಭದಲ್ಲಿ ಹಾಲಿವುಡ್‌ಗೆ ಬಂದರು. ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತು. ರಾಬಿನ್ ಹುಡ್ ತಮ್ಮ ಜೀವ ಉಳಿಸಿದ ಎಂದು ಅವರು ಮುಂದೆ ಹೇಳುತ್ತಿದ್ದರು. ಆ ಸಂಗೀತಕ್ಕೆ ಆಸ್ಕರ್ ಕೂಡ ಬಂತು.

ಇನ್ನು ತಕರಾರಿನ ಮಾತು. ನಾಯಕಿಯರ ಕೈಗೆ ಕತ್ತಿ ಕೊಡದ ವಿಚಾರ ನಿಮಗೆಲ್ಲ ಗೊತ್ತೇ ಇದೆ. ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. 1935ರ ‘ಕ್ಯಾಪ್ಟನ್ ಬ್ಲಡ್’ನಲ್ಲಿ ಗಾಯಗೊಂಡ ಬಂಡುಕೋರನಿಗೆ ಮದ್ದು ಮಾಡಿದ ತಪ್ಪಿಗೆ ಒಬ್ಬ ವೈದ್ಯ ಜಮೈಕಾದ ಸಂತೆಯಲ್ಲಿ ಹತ್ತು ಪೌಂಡಿಗೆ ಮಾರಾಟವಾಗುತ್ತಾನೆ. ನೋಡಿದರೆ ಕರುಳು ಚುರ್ರೆನ್ನುತ್ತದೆ. ಕಥೆ ನಡೆಯುವುದು 1685ರ ಸುಮಾರಿಗೆ. ಆ ಹೊತ್ತಿಗಾಗಲೇ ಜಮೈಕಾದಲ್ಲಿ ಬಿಳಿಯರಿಗಿಂತ ಆಫ್ರಿಕದ ಗುಲಾಮರೇ ಹೆಚ್ಚಿದ್ದರು. ಚಿತ್ರ ಮರುಗುವುದು ಬಿಳಿಯ ಕೈದಿಗಳಿಗೆ ಮಾತ್ರ.

1940ರ ‘ದಿ ಸೀ ಹಾಕ್’ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಇಂಗ್ಲಿಷ್ ಕೈದಿಗಳು ಸ್ಪೇನಿನ ಹಡಗಿನಲ್ಲಿ ಚಾಟಿಯೇಟು ತಿನ್ನುತ್ತಾ ಹುಟ್ಟು ಹಾಕುತ್ತಾರೆ. ಎಲಿಜಬೆತ್ ರಾಣಿಯ ಕಾಲದ ನಿಜವಾದ ಕಡಲವೀರ ಜಾನ್ ಹಾಕಿನ್ಸ್ ಮಾತ್ರ 1560ರ ದಶಕದಲ್ಲಿ ಆಫ್ರಿಕದವರನ್ನು ಸಾಗಿಸಿ ಸ್ಪೇನಿನ ವಸಾಹತುಗಳಿಗೇ ಮಾರುತ್ತಿದ್ದ. ಆ ಕಾಲದ ಇನ್ನೊಬ್ಬ ಕಡಲವೀರ ಡ್ರೇಕ್ ಕೂಡ ಅವನ ಜೊತೆ ಹಡಗು ಹತ್ತಿದ್ದವನೇ. ಅದರ ಸುಳಿವೂ ಚಿತ್ರದಲ್ಲಿಲ್ಲ.

ಚಿತ್ರದ ಕೊನೆಯಲ್ಲಿ ಎಲಿಜಬೆತ್ ರಾಣಿ, ಭೂಮಿ ಯಾರೋ ಒಬ್ಬನ ಸ್ವತ್ತಲ್ಲ, ಎಲ್ಲ ಮನುಷ್ಯರದು ಎಂದು ಸಾರುತ್ತಾಳೆ. ಯುದ್ಧದಲ್ಲಿ ಬೇಯುತ್ತಿದ್ದ ಬ್ರಿಟನ್ನಿಗೆ ಧೈರ್ಯ ತುಂಬಲು ಬರೆದ ಮಾತದು. ಅದೇ 1940ರಲ್ಲಿ ನಮ್ಮ ದೇಶ ಅದೇ ಸಿಂಹಾಸನದ ಹಿಡಿತದಲ್ಲಿತ್ತು. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟರಲ್ಲಿ ಕೋರ್ನ್‌ಗೋಲ್ಡ್‌ರ ತುತ್ತೂರಿಗಳು ಮೊಳಗುತ್ತವೆ, ಮೈ ಜುಮ್ಮೆನ್ನುತ್ತದೆ.