ಲೈಸೆನ್ಸು ಟೀವಿಗಲ್ಲ, ಲೈವ್‌ಗೆ

ಮಧ್ಯಾಹ್ನ ಎರಡೂವರೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮ ಮನೆ. ಸೋಫಾ ಮೇಲೆ ಅಮ್ಮ ಕಾಲು ಮಡಚಿ ಕೂತಿದ್ದಾಳೆ. ಮುಂದೆ ದಿಂಬಿಗೆ ಒರಗಿಸಿದ ಟ್ಯಾಬ್, ಮಡಿಲಲ್ಲಿ ಬೀನ್ಸ್ ತಟ್ಟೆ. ದಾವಣಗೆರೆಯಲ್ಲಿ ಆಗ ಸಂಜೆ ಏಳು, ಅಂದರೆ ಅವಳ ಧಾರಾವಾಹಿ ಶುರುವಾಗುವ ಹೊತ್ತು. ನಾನು ಮೀಟಿಂಗ್ ಮುಗಿಸಿ ಬಂದವನು ಒಂದು ನಿಮಿಷ ನಿಂತು ನೋಡಿದೆ. ಆಮೇಲೆ ತಲೆಗೆ ಹೊಳೆಯಿತು, ಅಯ್ಯೋ, ಇದಕ್ಕೆ ಲೈಸೆನ್ಸ್ ಬೇಕಲ್ವಾ!

ನಮಸ್ಕಾರ, ಇವತ್ತು ಬ್ರಿಟನ್ನಿನ ಟೀವಿ ಲೈಸೆನ್ಸ್ ಬಗ್ಗೆ, ಅಂದರೆ ಬಿಬಿಸಿ ನಡೆಸಲು ಇಲ್ಲಿಯ ಮನೆಗಳಿಂದ ವಸೂಲು ಮಾಡುವ ವಾರ್ಷಿಕ ಶುಲ್ಕದ ಬಗ್ಗೆ ಮಾತಾಡೋಣ. ಇಲ್ಲಿರುವ ನಮ್ಮವರು ಇದರಲ್ಲಿ ಎರಡು ಥರ. ಒಬ್ಬರು "ಲೈಸೆನ್ಸ್ ಎಲ್ಲಿ" ಅಂತ ಮನೆಗೆ ಕಾಗದ ಬಂತು ಅಂತ ಹೆದರಿ, ಬೇಡದಿದ್ದರೂ ಕಟ್ಟುತ್ತಾರೆ. ಇನ್ನೊಬ್ಬರು "ನಮ್ಮನೇಲಿ ಟೀವೀನೇ ಇಲ್ಲ, ನಮಗ್ಯಾಕೆ" ಅಂತ ಆರಾಮಾಗಿ ಲ್ಯಾಪ್‌ಟಾಪಿನಲ್ಲಿ ಐಪಿಎಲ್ ಲೈವ್ ನೋಡುತ್ತಾರೆ. ಇಬ್ಬರೂ ತಪ್ಪು. ಆದರೆ ನನ್ನ ಪ್ರಕಾರ ಅವರದ್ದಕ್ಕಿಂತ ಜಾಸ್ತಿ ತಪ್ಪು ಆ ಹೆಸರಿನದು. ಟೀವಿ ಲೈಸೆನ್ಸ್ ಅಂತ ಹೆಸರಿಟ್ಟರೆ ಜನ ಟೀವಿ ಪೆಟ್ಟಿಗೆಗೆ ಅಂತಲೇ ತಿಳಿಯುತ್ತಾರೆ, ಇನ್ನೇನು ತಿಳಿಯಬೇಕು?

ನಿಯಮ ಇಷ್ಟೇ. ಯಾವುದೇ ಚಾನೆಲ್ ಆಗಲಿ, ಪ್ರಸಾರ ಆಗುತ್ತಿರುವ ಹೊತ್ತಿಗೇ ನೋಡಿದರೆ ಲೈಸೆನ್ಸ್ ಬೇಕು. ರೆಕಾರ್ಡ್ ಮಾಡಿಟ್ಟುಕೊಂಡರೂ ಬೇಕು. ಬಿಬಿಸಿಯದೇ ಆ್ಯಪ್ ಆದ ಐಪ್ಲೇಯರ್‌ನಲ್ಲಿ ನೋಡಿದರೆ, ಹಳೆಯ ಕಾರ್ಯಕ್ರಮವಾದರೂ ಬೇಕು. ನೋಡುವುದು ಟೀವಿಯೋ, ಫೋನೋ, ಟ್ಯಾಬೋ, ಲೆಕ್ಕಕ್ಕಿಲ್ಲ. ಚಾನೆಲ್ ಯಾವ ದೇಶದ್ದು ಅನ್ನುವುದೂ ಲೆಕ್ಕಕ್ಕಿಲ್ಲ. ಆ್ಯಪ್‌ನಲ್ಲಿ ಬರುವ ಕನ್ನಡ ಚಾನೆಲ್ ಲೈವ್ ಹಾಕಿದರೂ ಅದೇ ಕಾನೂನು, ಯೂಟ್ಯೂಬ್‌ನಲ್ಲಿ ಕನ್ನಡ ನ್ಯೂಸ್ ಚಾನೆಲ್‌ನ ನೇರ ಪ್ರಸಾರ ಹಾಕಿಕೊಂಡರೂ ಅದೇ ಕಾನೂನು. ಅದೇ ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ನೋಡಿ, ಯೂಟ್ಯೂಬ್‌ನಲ್ಲಿ ಹಳೆಯ ವಿಡಿಯೋ ನೋಡಿ, ಡಿವಿಡಿ ಹಾಕಿ, ಐವತ್ತೈದು ಇಂಚಿನ ಟೀವಿಯಲ್ಲೇ ನೋಡಿ, ಒಂದು ಪೆನ್ನಿಯೂ ಕೊಡಬೇಕಿಲ್ಲ.

ಅಂದರೆ ಅಮ್ಮ ಎರಡೂವರೆಗೆ ನೋಡಿದ ಕಂತಿಗೆ ಲೈಸೆನ್ಸ್ ಬೇಕು. ಅದೇ ಕಂತನ್ನು ರಾತ್ರಿ ಊಟ ಆದ ಮೇಲೆ ಅದೇ ಆ್ಯಪ್‌ನಲ್ಲಿ ಮೊದಲಿಂದ ಹಾಕಿ ನೋಡಿದರೆ ಬೇಡ. ಅದೇ ಅತ್ತೆ, ಅದೇ ಸೊಸೆ, ಅದೇ ಜಗಳ! ಆಂಟೆನಾ ಕಾಲದಲ್ಲಿ ಎಳೆದ ಗೆರೆ ಇದು, ಇಂಟರ್ನೆಟ್ ಕಾಲಕ್ಕೆ ಹಾಗೇ ಎಳೆದುಕೊಂಡು ಬಂದಿದ್ದಾರೆ. ಕಪ್ಪು ಬಿಳುಪು ಟೀವಿಗೆ ಇವತ್ತಿಗೂ ಬೇರೆ ಕಮ್ಮಿ ದರ ಇದೆ ಅಂದರೆ ನೀವೇ ಅರ್ಥ ಮಾಡಿಕೊಳ್ಳಿ.

ನಾನು ಅಮ್ಮನಿಗೆ ಹೇಳಿದೆ, "ಅಮ್ಮಾ, ಇದನ್ನ ರಾತ್ರಿ ನೋಡು." ಅವಳು ತಲೆ ಎತ್ತಲಿಲ್ಲ. "ರಾತ್ರಿ ನೋಡಿದ್ರೆ ನಿಮ್ಮ ಚಿಕ್ಕಮ್ಮ ಫೋನ್ ಮಾಡಿ ಕತೆ ಎಲ್ಲಾ ಹೇಳಿಬಿಡ್ತಾಳೆ." ಸರಿ, ವಾದ ಮುಗಿಯಿತು. ಅವತ್ತೇ ಕಟ್ಟಿದೆ.

ಕಟ್ಟುವುದರಲ್ಲೂ ಒಂದು ಕಿರಿಕ್ ಇದೆ, ಕೇಳಿ. ಇದು 2025ರ ಮೇ ತಿಂಗಳ ಮಾತು. ಆ ಏಪ್ರಿಲ್‌ನಿಂದ ವರ್ಷಕ್ಕೆ 174.50 ಪೌಂಡ್. ದರ ಏಪ್ರಿಲ್‌ನಲ್ಲಿ ಬದಲಾಗುತ್ತದೆ, ಹಾಗಾಗಿ ನೀವು ಕಟ್ಟುವ ದಿನ ಒಮ್ಮೆ ನೋಡಿಕೊಳ್ಳಿ. ತಿಂಗಳ ಡೈರೆಕ್ಟ್ ಡೆಬಿಟ್ ಹಾಕಿದರೆ ಹದಿನಾಲ್ಕೂವರೆ ಪೌಂಡ್ ಹೋಗುತ್ತದೆ ಅಂದುಕೊಂಡಿದ್ದೆ, ಬ್ಯಾಂಕ್ ತೆಗೆದು ನೋಡಿದರೆ ಇಪ್ಪತ್ತೊಂಬತ್ತು! ಹೊಸಬರಿಗೆ ಮೊದಲ ವರ್ಷದ್ದನ್ನು ಆರೇ ತಿಂಗಳಲ್ಲಿ ವಸೂಲು ಮಾಡುತ್ತಾರೆ, ಆಮೇಲಿಂದ ಹನ್ನೆರಡು ಕಂತು. ಇದನ್ನು ಮೊದಲೇ ಬರೆದಿರುತ್ತಾರೆ, ಓದದೆ ಒತ್ತಿದವನು ನಾನು. ಮೂರು ತಿಂಗಳಿಗೊಮ್ಮೆ ಕಟ್ಟುವ ದಾರಿಯೂ ಇದೆ, ಆದರೆ ಅದಕ್ಕೆ ಸ್ವಲ್ಪ ಜಾಸ್ತಿ ಬೀಳುತ್ತದೆ. ಒಂದೇ ಸಲ ಕಟ್ಟಿ ಮರೆತುಬಿಡುವುದು ಒಳ್ಳೆಯದು.

ಒಂದು ಮನೆಗೆ ಒಂದು ಲೈಸೆನ್ಸ್ ಸಾಕು, ನಾಲ್ಕು ಟೀವಿ ಇದ್ದರೂ. ಆದರೆ ಬಾಡಿಗೆಗೆ ಮನೆ ಹಂಚಿಕೊಂಡಿರುವವರು ಹುಷಾರು. ಎಲ್ಲರ ಹೆಸರು ಒಂದೇ ಕರಾರಿನಲ್ಲಿದ್ದರೆ ಸಾಮಾನ್ಯವಾಗಿ ಒಂದೇ ಲೈಸೆನ್ಸ್ ನಡೆಯುತ್ತದೆ. ರೂಮಿಗೊಂದು ಕರಾರು ಇದ್ದರೆ ತಮ್ಮ ರೂಮಿನಲ್ಲಿ ಲೈವ್ ನೋಡುವವರು ತಾವೇ ತೆಗೆದುಕೊಳ್ಳಬೇಕು. ನಾನು ಮೊದಲು ಬಂದಾಗ ರೂಮು ಕೊಡಿಸಿದ ಏಜೆಂಟ್ "ಎಲ್ಲಾ ಬಿಲ್ಲೂ ಸೇರಿದೆ" ಅಂದಿದ್ದ, ಆ ಎಲ್ಲದರಲ್ಲಿ ಇದೊಂದು ಇರಲಿಲ್ಲ. ಓದಲು ಬಂದ ಹುಡುಗರಿಗೆ ಒಂದು ವಿನಾಯಿತಿ ಇದೆ. ಅಪ್ಪ ಅಮ್ಮನ ಮನೆಗೆ ಲೈಸೆನ್ಸ್ ಇದ್ದರೆ, ಫೋನನ್ನು ಚಾರ್ಜರಿಗೆ ಹಾಕದೆ ಬರೀ ಬ್ಯಾಟರಿಯಲ್ಲಿ ಲೈವ್ ನೋಡಬಹುದು. ನಿಜವಾಗಲೂ ಹಾಗೇ ಇದೆ, ತಮಾಷೆ ಅಲ್ಲ. ಅಪ್ಪ ಅಮ್ಮ ಹುಬ್ಬಳ್ಳಿಯಲ್ಲಿದ್ದರೆ ಅದೂ ಇಲ್ಲ.

ಇನ್ನು ಆ ಕಾಗದಗಳು. ಲೈಸೆನ್ಸ್ ಇಲ್ಲದ ವಿಳಾಸಕ್ಕೆಲ್ಲ ಹೋಗುತ್ತವೆ, ಎಷ್ಟೋ ಸಲ ಹೆಸರೂ ಇರುವುದಿಲ್ಲ. ವೀಸಾ ಮೇಲಿರುವವರಿಗೆ ಅವುಗಳಲ್ಲಿ ಕೋರ್ಟ್ ಅನ್ನುವ ಪದ ಕಂಡರೇ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಲೈವೂ ನೋಡುವುದಿಲ್ಲ, ಐಪ್ಲೇಯರೂ ನೋಡುವುದಿಲ್ಲ ಅಂದರೆ ಟೀವಿ ಲೈಸೆನ್ಸಿಂಗ್‌ನವರ ವೆಬ್‌ಸೈಟಿನಲ್ಲಿ "ನಮಗೆ ಬೇಕಿಲ್ಲ" ಅಂತ ತಿಳಿಸಿ, ಐದು ನಿಮಿಷದ ಕೆಲಸ. ಅಧಿಕಾರಿ ಮನೆ ಬಾಗಿಲಿಗೆ ಬಂದರೆ ಮರ್ಯಾದೆಯಿಂದ ಮಾತಾಡಿ, ಆದರೆ ನಿಮ್ಮ ಒಪ್ಪಿಗೆಯೋ ಕೋರ್ಟಿನ ವಾರಂಟೋ ಇಲ್ಲದೆ ಅವರು ಒಳಗೆ ಬರುವ ಹಾಗಿಲ್ಲ. ಮತ್ತೆ ಇಮೇಲಿನಲ್ಲಿ "ನಿಮ್ಮ ಲೈಸೆನ್ಸ್ ಮುಗಿದಿದೆ, ಈಗಲೇ ಕಾರ್ಡ್ ನಂಬರ್ ಕೊಡಿ" ಅಂತ ಬಂದರೆ ಅದರಲ್ಲಿರುವ ಲಿಂಕ್ ಒತ್ತಲೇಬೇಡಿ. ಈ ಹೆಸರಲ್ಲಿ ಮೋಸ ತುಂಬಾ ನಡೆಯುತ್ತದೆ.

ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಕರೆಂಟ್ ಬಿಲ್ ಕಟ್ಟದಿದ್ದರೆ ಅದು ಸಾಲ. ಲೈಸೆನ್ಸ್ ಇಲ್ಲದೆ ಲೈವ್ ನೋಡಿದರೆ ಅದು ಅಪರಾಧ, ಕ್ರಿಮಿನಲ್ ಕೇಸು, ಒಂದು ಸಾವಿರ ಪೌಂಡ್‌ವರೆಗೆ ದಂಡ. ಹೀಗೆ ಶಿಕ್ಷೆ ಆದವರಲ್ಲಿ ಬಹುಪಾಲು ಹೆಂಗಸರು. ಯಾಕೆ? ಹಗಲು ಹೊತ್ತು ಬಾಗಿಲು ತೆರೆಯುವವರು ಯಾರು ಹೇಳಿ! ಮನೆಯಲ್ಲಿ ಐದು ಜನ ನೋಡಿದರೂ ಕೇಸು ಬೀಳುವುದು ಬಾಗಿಲಲ್ಲಿ ನಿಂತು ಉತ್ತರ ಕೊಟ್ಟವಳ ಮೇಲೆ. ಬಿಬಿಸಿ ಬೇಕು, ಅದಕ್ಕೆ ದುಡ್ಡೂ ಬೇಕು, ನಾನು ಒಪ್ಪುತ್ತೇನೆ. ಹಾಗಾದರೆ ಜರ್ಮನಿಯ ಥರ ಮನೆಗಿಷ್ಟು ಅಂತ ನೇರವಾಗಿ ಕೇಳಲಿ. ಅಲ್ಲಿ ತಿಂಗಳಿಗೆ 18.36 ಯೂರೋ, ಟೀವಿ ಇರಲಿ ಬಿಡಲಿ. ಅಲ್ಲೂ ಜನ ಗೊಣಗುತ್ತಾರೆ, ಆದರೆ ನೀನು ಯಾವ ಹೊತ್ತಿಗೆ ನೋಡಿದೆ ಅಂತ ಯಾರೂ ಕೇಳುವುದಿಲ್ಲ.

ಇದೆಲ್ಲ ಅಮ್ಮನಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮಪ್ಪನೂ ಪೋಸ್ಟಾಫೀಸಿಗೆ ಹೋಗಿ ರೇಡಿಯೋಗೆ ಕಟ್ಟಿಬರ್ತಿದ್ದ, ಅದಕ್ಕೊಂದು ಪುಸ್ತಕ ಇತ್ತು" ಅಂದಳು. ಹೌದು, ನಮ್ಮಲ್ಲೂ ರೇಡಿಯೋಗೆ, ಟೀವಿಗೆ ಲೈಸೆನ್ಸ್ ಇತ್ತು, 1980ರ ದಶಕದಲ್ಲಿ ತೆಗೆದುಹಾಕಿದರು.

ಅಕ್ಟೋಬರ್ ಕೊನೆಗೆ ಅಮ್ಮ ಊರಿಗೆ ಹೊರಟಳು. ನಾನು ಲೈವ್ ನೋಡುವವನಲ್ಲ, ಲೈಸೆನ್ಸ್ ರದ್ದು ಮಾಡಿಸಿ ಉಳಿದ ತಿಂಗಳುಗಳ ದುಡ್ಡು ವಾಪಸ್ ಕೇಳಿದೆ. ಕೆಲಸ ಮುಗಿಸಿ ಊರಿಗೆ ಹೋಗುವವರು ಇದನ್ನು ಮರೆಯಬೇಡಿ, ಪೂರ್ತಿ ತಿಂಗಳು ಬಾಕಿ ಇದ್ದರೆ ಕೇಳಬಹುದು. ಸುಮಾರು ಅರ್ಧ ಬಂತು. ಫೋನಿನಲ್ಲಿ ಅಮ್ಮ ಕೇಳಿದಳು, "ಹಾಗಾದ್ರೆ ನಾನು ನೋಡಿದ್ದಕ್ಕೆ ಎಷ್ಟಾಯ್ತೋ?" ಎಂಬತ್ತೇಳು ಪೌಂಡ್, ಹತ್ತಿರ ಹತ್ತಿರ ಹತ್ತು ಸಾವಿರ ರೂಪಾಯಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಷ್ಟು ದುಡ್ಡಿಗೆ ಇಲ್ಲಿ ಎರಡು ವರ್ಷ ಕೇಬಲ್ ಬರ್ತಿತ್ತು ಕಣೋ. ಮೊದಲೇ ಹೇಳಿದ್ರೆ ರಾತ್ರೀನೇ ನೋಡ್ತಿದ್ದೆ."